ಗುಲಗಂಜಿ ಜಿಲ್ಲೆ ತೂಗಿದ್ದು

ನನ್ನ ತಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಇಡೀ ಬೀದಿಗೆ ಅವನು ಗುಲಗಂಜಿ. ತಕ್ಕಡಿ ರಿಪೇರಿ ಅವನ ಕಸುಬು. ಯಾವ ಅಂಗಡಿಯ ತಕ್ಕಡಿಯ ಮುಳ್ಳು ಒಂದು ಕೂದಲಿನಷ್ಟು ವಾಲಿದ್ದರೂ ಬೀದಿಯ ಆಚೆ ಕಡೆ ನಿಂತೇ ಹೇಳಿಬಿಡುತ್ತಾನೆ. "ಒಂದು ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಬರಬಾರದು" ಎಂದು ದಿನಕ್ಕೆ ಇಪ್ಪತ್ತು ಸಲ ಅಂದು ಅಂದು ಆ ಹೆಸರನ್ನು ತಾನೇ ಅಂಟಿಸಿಕೊಂಡ. ದೀಪ ಮಿನುಗುವ ಹೊಸ ತಕ್ಕಡಿಗಳು ಬಂದಾಗ ಅದನ್ನೂ ಕಲಿತ, ಆದರೆ ಅವುಗಳ ಮೇಲೆ ಅವನಿಗೆ ನಂಬಿಕೆಯಿಲ್ಲ. ಮುಳ್ಳಿಲ್ಲದ್ದು ಅದೆಂಥ ತಕ್ಕಡಿ ಅನ್ನುತ್ತಾನೆ.

ಏನು ಕೈಗೆ ಸಿಕ್ಕರೂ ಒಮ್ಮೆ ಮೇಲೆ ಕೆಳಗೆ ಆಡಿಸಿ ತೂಕ ಹೇಳುವುದು ಅವನ ಚಟ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೊಟ್ಟ ಚಹಾದ ಲೋಟವನ್ನು ಹಾಗೇ ಆಡಿಸಿ, "ನಿನ್ನೆಗಿಂತ ಎರಡು ಗುಟುಕು ಕಮ್ಮಿ ಇದೆ" ಅಂದ. ಅವಳು ಒಳಗೆ ಹೋಗಿ ಪಾತ್ರೆ ತಂದು, ಎರಡು ಗುಟುಕನ್ನು ಅವನ ನೆತ್ತಿಯ ಮೇಲೆ ಹೊಯ್ದು, "ಈಗ ಸರಿ ಹೋಯ್ತಾ ನೋಡಿ" ಅಂದಳು. ಚಹಾ ಆರಿತ್ತು, ಅದು ಅವನ ಪುಣ್ಯ. ನನಗಂತೂ ಆವತ್ತೇ ಆ ಹುಡುಗಿ ಹಿಡಿಸಿಬಿಟ್ಟಳು.

ನಾವು ಮನೆಯಲ್ಲಿ ಮೂರೇ ಜನ, ಅವರಿಬ್ಬರು ಮತ್ತು ಅಕ್ಕನಾದ ನಾನು. ಮುಂದಿನ ಕೋಣೆ ಪೂರ್ತಿ ಅವನದು. ಅಲ್ಲಿ ತಟ್ಟೆಗಳು, ಸರಪಳಿಗಳು, ಕೊಕ್ಕೆಗಳು, ಸಾಲಾಗಿ ನಿಲ್ಲಿಸಿದ ತೂಕದ ಕಲ್ಲುಗಳು. ಹಿಂದೆ ಒಂದು ಕೋಣೆ, ಅಡುಗೆಮನೆ. ಇವೆರಡರ ನಡುವೆ, ಮಹಡಿಗೆ ಹತ್ತುವ ಮೆಟ್ಟಿಲ ಕೆಳಗೆ ಒಂದು ಗೂಡು. ತಮ್ಮನ ಹೆಂಡತಿಯ ಹೊಲಿಗೆ ಮಷೀನು ಆ ಗೂಡಿನಲ್ಲಿ. ಮಹಡಿಯಲ್ಲಿ ಇರುವ ಮನೆ ಮಾಲೀಕರು ಇಳಿದಾಗಲೆಲ್ಲ ಅವಳ ಬಟ್ಟೆಯ ಮೇಲೆ ಸುಣ್ಣ ಉದುರುತ್ತದೆ. ಕಿಟಕಿ ಇಲ್ಲ. ಒಂದು ಟ್ಯೂಬ್‌ಲೈಟ್ ಇದೆ, ಅದು ಉರಿಯುವುದಕ್ಕಿಂತ ಕಣ್ಣು ಹೊಡೆಯುವುದೇ ಹೆಚ್ಚು.

ಹತ್ತೊಂಬತ್ತು ವರ್ಷ ಆ ಗೂಡಿನಲ್ಲಿ ಕೂತು ಹೊಲಿದಳು. ಗೊಣಗುವವಳಲ್ಲ. ಆದರೆ ಕಳೆದ ವರ್ಷದಿಂದ ನೀಲಿ ದಾರಕ್ಕೂ ಕಪ್ಪು ದಾರಕ್ಕೂ ವ್ಯತ್ಯಾಸ ತಿಳಿಯದೆ ರೀಲು ಹಿಡಿದುಕೊಂಡು ಬೀದಿಗೆ ಓಡುತ್ತಿದ್ದಳು. ಆಮೇಲೆ ಅವಳ ಹತ್ತಿರ ಹೊಲಿಸುವ ಬಸ್ ಕಂಡಕ್ಟರನ ಅಂಗಿಯ ಫಜೀತಿ ಆಯಿತು. ಎರಡೂ ಕಡೆಗೆ ಎಡಗೈ ತೋಳನ್ನೇ ಇಟ್ಟು ಹೊಲಿದಿದ್ದಳು. ಅವನು ತೊಟ್ಟುಕೊಂಡು ಬಂದು ನಿಂತರೆ ಬಲಗೈ ಬೆನ್ನಿನ ಕಡೆಗೆ ಎಳೆಯುತ್ತಿತ್ತು.

"ಅಮ್ಮಾ, ಹಿಂದಿನ ಸೀಟಿನವರಿಗೆಲ್ಲ ಟಿಕೆಟ್ ಕೊಡೋಕೆ ಸಲೀಸಾಗಿದೆ. ಮುಂದಿನ ಸೀಟಿನವರು ಗಲಾಟೆ ಮಾಡ್ತಾರೆ" ಅಂದ.

ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಅವನು ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲೇ ಹೋದ ಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, "ಅತ್ತಿಗೆ, ಇನ್ನೊಂದು ಸಲ ಹೀಗಾದ್ರೆ ಮಷೀನು ಮುಚ್ಚಿಬಿಡ್ತೀನಿ. ಒಂದು ಕಿಟಕಿ ಇದ್ದಿದ್ರೆ ನಂಗೇನೂ ಆಗಿರ್ಲಿಲ್ಲ" ಅಂದಳು. ಮೆಲ್ಲಗೆ ಅಂದಳು. ಮುಂದಿನ ಕೋಣೆಯವನಿಗೆ ಕೇಳಿಸಲಿಲ್ಲ.

ಅದೇ ವಾರ ಮನೆ ಮಾಲೀಕರು ಸುಣ್ಣ ಉದುರಿಸುತ್ತ ಇಳಿದು ಬಂದರು. ಬರುವ ತಿಂಗಳಿಂದ ಬಾಡಿಗೆ ಒಂದೂವರೆ ಪಟ್ಟು ಅಂದರು. "ಇರ್ತೀರೋ ಹೋಗ್ತೀರೋ ನಿಮಗೆ ಬಿಟ್ಟಿದ್ದು. ಅವಸರ ಇಲ್ಲ, ಚೆನ್ನಾಗಿ ತೂಗಿ ನೋಡಿ ಮೂವತ್ತನೇ ತಾರೀಖಿನೊಳಗೆ ಹೇಳಿ."

ಬೇರೆ ಯಾರಿಗಾದರೂ ಈ ಮಾತು ಹೇಳಿದ್ದರೆ ತಲೆ ಮೇಲೆ ಕೈ ಹೊತ್ತು ಯೋಚನೆ ಮಾಡುತ್ತಿದ್ದರು. ನನ್ನ ತಮ್ಮ ಏಣಿ ತಂದ.

ಮುಂದಿನ ಕೋಣೆಯ ತೊಲೆಯ ಕೊಕ್ಕೆಗೆ ಅವನ ಹತ್ತಿರ ಇದ್ದ ಎಲ್ಲಕ್ಕಿಂತ ದೊಡ್ಡ ತಕ್ಕಡಿ ತೂಗುಹಾಕಿದ. ಎಡ ತಟ್ಟೆಗೆ 'ಈ ಜಿಲ್ಲೆ' ಎಂದು ಚೀಟಿ ಅಂಟಿಸಿದ. ಬಲ ತಟ್ಟೆಗೆ 'ಆ ಜಿಲ್ಲೆ'. ಆ ಜಿಲ್ಲೆ ಅಂದರೆ ಸೇತುವೆ ದಾಟಿದರೆ ಸಿಗುವುದು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎರಡು ಚೀಟಿಗೂ ಒಂದೇ ಅಳತೆಯ ಕಾಗದ, ಒಂದೇ ಅಳತೆಯ ಗೋಂದು. ಗೋಂದು ಒಣಗುವ ತನಕ ಯಾರೂ ಜೋರಾಗಿ ಉಸಿರು ಬಿಡಬಾರದು ಅಂದ.

ಆ ಜಿಲ್ಲೆಯ ಸುದ್ದಿ ಹೇಳುವುದಕ್ಕೆ ಕಂಡಕ್ಟರನೇ ಸಿಕ್ಕಿದ. ದಿನಕ್ಕೆ ನಾಲ್ಕು ಸಲ ಹೋಗಿ ಬರುವವನು. ಅಂಗಿ ಕೇಳಲು ಬಂದವನು, ತೋಳು ಬಿಚ್ಚಿ ಹೊಲಿಯುವ ತನಕ ಕಾಯಬೇಕಾದ್ದರಿಂದ ಬನಿಯನ್ನಿನಲ್ಲೇ ಕೂತು ಹೇಳುತ್ತ ಹೋದ.

"ಅಲ್ಲಿ ಬಾಡಿಗೆ ಇಲ್ಲಿಯ ಅರ್ಧ."

ಟಣ್ ಎಂದು ಒಂದು ಕಿಲೋ ಕಲ್ಲು ಬಲ ತಟ್ಟೆಗೆ ಬಿತ್ತು.

"ನೀರು ದಿನಕ್ಕೆ ಎರಡು ಹೊತ್ತು ಬರುತ್ತೆ. ಸ್ವಲ್ಪ ಸಪ್ಪೆ."

"ನೀರಿಗೆ ಇನ್ನೂರು ಗ್ರಾಂ. ಸಪ್ಪೆಗೆ ಇಪ್ಪತ್ತು ವಜಾ."

"ಇಲ್ಲಿ ಗಿರಾಕಿಗಳೆಲ್ಲ ಹಳಬರು ಅಲ್ವಾ ಗುಲಗಂಜಿ?"

"ಅದಕ್ಕೆ ಈ ಕಡೆ ಒಂದು ಕಿಲೋ. ಆಸ್ಪತ್ರೆ ಹತ್ತಿರ, ಇನ್ನೂರು. ಅಕ್ಕನ ಮೊಣಕಾಲು ನೋವಿಗೆ ಇನ್ನೈವತ್ತು."

"ನನ್ನ ಮೊಣಕಾಲು ಬರೀ ಐವತ್ತೇನೋ?" ಅಂದೆ.

"ಎರಡೂ ಕಾಲಿಂದು ಸೇರಿ ನೂರು ಮಾಡೋಣ ಬಿಡಕ್ಕ."

ಜಗಳ ಹತ್ತಿದ್ದು ತಮ್ಮನ ಅತ್ತೆಯ ವಿಷಯದಲ್ಲಿ. ತಮ್ಮನ ಹೆಂಡತಿಯ ತಾಯಿಮನೆ ಆ ಜಿಲ್ಲೆಯಲ್ಲೇ ಇದೆ. ಅವಳು ಗೂಡಿನಿಂದ ಎದ್ದು ಬಂದು, "ಅಮ್ಮನ ಮನೆ ಹತ್ತಿರವಾಗುತ್ತೆ" ಎಂದು ಅರ್ಧ ಕಿಲೋ ಕಲ್ಲನ್ನು ಬಲ ತಟ್ಟೆಯಲ್ಲಿ ಇಟ್ಟಳು. ಅವಳು ಅಡುಗೆಮನೆಗೆ ಹೋದಾಗ ಅವನು ಅದನ್ನು ಎತ್ತಿ ಎಡ ತಟ್ಟೆಗೆ ಹಾಕಿದ. ಅವಳು ಬಂದವಳೇ ತಟ್ಟೆ ನೋಡಿದಳು.

"ರೀ, ಅಮ್ಮ ಯಾಕೆ ಈ ಕಡೆ ಬಂದಿದ್ದಾಳೆ?"

"ಅತ್ತೆಯವರು ದೂರ ಇರೋದು ಈ ಜಿಲ್ಲೆಗೆ ಇರೋ ಅನುಕೂಲ ಅಲ್ವೇನೇ?"

ಕಂಡಕ್ಟರ್ ಬನಿಯನ್ನಿನಲ್ಲೇ ಎದ್ದು ಬಾಗಿಲ ಕಡೆ ನಡೆದ. ಕೊನೆಗೆ ನಾನೇ ನಡುವೆ ಬಂದು ಅತ್ತೆಯನ್ನು ಎರಡೂ ತಟ್ಟೆಗೆ ಕಾಲು ಕಿಲೋ, ಕಾಲು ಕಿಲೋ ಹಂಚಿದೆ. ಆ ಹೆಂಗಸಿಗೆ ಈಗಲೂ ಈ ವಿಷಯ ಗೊತ್ತಿಲ್ಲ.

ಕಣ್ಣಾರೆ ನೋಡದೆ ತೂಗುವುದು ತಪ್ಪು ಎಂದು ಒಂದು ದಿನ ಮೂವರೂ ಬಸ್ ಹತ್ತಿದೆವು. ಮೊದಲು ಹೋಗಿದ್ದು ಅಲ್ಲಿಯ ಕಂದಾಯದ ಕಚೇರಿಗೆ, ಯಾಕೆಂದರೆ ಅಲ್ಲಿ ಮನೆಯ ಕಂದಾಯವನ್ನು ಬಾಡಿಗೆಗೆ ಇರುವವರೇ ಕಟ್ಟಬೇಕಂತೆ. ಮೇಜಿನ ಹಿಂದೆ ಒಬ್ಬ ಗುಮಾಸ್ತ, ಮೇಜಿನ ಮೇಲೆ ಅವನಷ್ಟೇ ಎತ್ತರದ ಕಡತಗಳು. ಮುಖ ಎತ್ತದೆ ಫಾರಂ ತುಂಬಿಸುತ್ತ ಕೇಳಿದ.

"ಈಗ ಇರೋ ಕಡೆ ಕರ ಎಷ್ಟು?"

ನಮ್ಮ ಮನೆಯಲ್ಲಿ ಕಂದಾಯ ಅಂದರೆ ಕಂದಾಯ. 'ಕರ' ಎಂಬ ಮಾತನ್ನು ತಮ್ಮ ಕೇಳಿದ್ದು ದೇವರ ಪ್ರಾರ್ಥನೆಯಲ್ಲಿ ಮಾತ್ರ, ಕರ ಮುಗಿಯುವಾಗ. ಅವನು ಒಂದು ಗಳಿಗೆ ತನ್ನ ಕೈ ನೋಡಿಕೊಂಡ.

"ಎರಡು ಸಾರ್."

"ಎರಡು ಏನ್ರೀ? ಎರಡು ಸಾವಿರನಾ?"

"ಬರೀ ಎರಡೇ ಸಾರ್. ಎಲ್ಲರಿಗೂ ಇರೋಷ್ಟೇ."

"ವರ್ಷಕ್ಕೆ ಎರಡಾ?"

"ವರ್ಷಾನುಗಟ್ಟಲೆಯಿಂದ ಎರಡೇ."

"ಇದುವರೆಗೆ ಕರ ಕಟ್ಟಿದ್ದೀರಾ ಇಲ್ವಾ?"

"ನಾನ್ಯಾಕೆ ಕರ ಕಟ್ಟಿ ಕೂತ್ಕೊಳ್ಲಿ ಸಾರ್, ದುಡಿದು ತಿನ್ನೋನು!" ಎಂದು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದ. "ನೋಡಿ, ಜಡ್ಡು ಕಟ್ಟಿದೆ."

ಗುಮಾಸ್ತ ಈಗ ಮುಖ ಎತ್ತಿದ. ಆ ಕೈಗಳನ್ನು ನೋಡಿದ, ನನ್ನನ್ನು ನೋಡಿದ. "ಕಂದಾಯ ಕಣಪ್ಪಾ" ಅಂದೆ ನಾನು ತಮ್ಮನ ಬೆನ್ನಿಗೆ ತಿವಿದು.

"ಹಾಗೆ ಹೇಳ್ಬೇಕಲ್ವಾ ಮತ್ತೆ" ಎಂದು ಇವನು ಗುಮಾಸ್ತನಿಗೇ ದಬಾಯಿಸಿದ.

ಆಮೇಲೆ ಗುಮಾಸ್ತ ಅಲ್ಲಿಯ ಕಟ್ಟಳೆ ಹೇಳಿದ. ಆ ಜಿಲ್ಲೆಯಲ್ಲಿ ಮನೆಯ ಉದ್ದ, ಕೋಣೆಗಳ ಲೆಕ್ಕ ಯಾರಿಗೂ ಬೇಡ. ಬೀದಿಗೆ ಮುಖ ಮಾಡಿದ ಗೋಡೆ ಎಷ್ಟು ಅಡಿ ಅಗಲವೋ ಅಷ್ಟಕ್ಕೆ ಮಾತ್ರ ಕಂದಾಯ. ಅದನ್ನು ಕೇಳಿದ ಮೇಲೆ ಅಲ್ಲಿಯ ಬೀದಿಗಳು ಅರ್ಥವಾದವು. ಮನೆಗಳೆಲ್ಲ ಪುಸ್ತಕ ಜೋಡಿಸಿಟ್ಟ ಹಾಗೆ ಬೆನ್ನು ತೋರಿಸಿ ನಿಂತಿದ್ದವು. ನಾವು ನೋಡಿದ ಮನೆಯ ಮುಂಭಾಗ ಐದೇ ಅಡಿ. ಬಾಗಿಲು ಬಿಟ್ಟರೆ ಒಂದು ಅಂಚೆ ಡಬ್ಬಿಗೆ ಮಾತ್ರ ಜಾಗ. ಒಳಗೆ ಮಾತ್ರ ಕೋಣೆಯ ಹಿಂದೆ ಕೋಣೆ, ರೈಲು ಡಬ್ಬಿಗಳ ಹಾಗೆ ಆರು. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಹಿಂದಕ್ಕೆ ನಡೆಯಬೇಕು.

ತಮ್ಮ ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ, ಒಂದು ಬಕೆಟ್ ನೀರನ್ನು ಎತ್ತಿ ಇಳಿಸಿ, "ಹದಿನಾಲ್ಕೂವರೆ" ಅಂದ. ಯಾಕೆ ಅಂತ ಅವನಿಗೂ ತಿಳಿಯದು.

ತಮ್ಮನ ಹೆಂಡತಿ ನಾಲ್ಕನೇ ಕೋಣೆಯಲ್ಲಿ ನಿಂತುಬಿಟ್ಟಿದ್ದಳು. ಅಲ್ಲಿ ಪಕ್ಕದ ಮನೆಯ ಗೋಡೆ ತಗ್ಗಾಗಿತ್ತು. ಅಷ್ಟಗಲದ ಒಂದು ಕಿಟಕಿ, ಬಿಸಿಲು ಚಾಪೆ ಹಾಸಿದ ಹಾಗೆ ನೆಲದ ಮೇಲೆ. ಅವಳು ಸೆರಗಿನ ಅಂಚನ್ನು ಬೆಳಕಿಗೆ ಹಿಡಿದು ಎಳೆಗಳನ್ನು ನೋಡುತ್ತಿದ್ದಳು.

"ಅತ್ತಿಗೆ, ಇಲ್ಲಿ ನೀಲಿ ನೀಲಿಯಾಗೇ ಕಾಣುತ್ತೆ" ಅಂದಳು.

ಮನೆಗೆ ಬಂದ ಮೇಲೆ ಎರಡು ದಿನ ಕಲ್ಲು ಹಾಕುವುದು, ತೆಗೆಯುವುದು. ಕಂದಾಯಕ್ಕೆ ಮುನ್ನೂರು ಆ ಕಡೆ. ಸಾಲಾಗಿ ನಡೆಯುವ ಕಷ್ಟಕ್ಕೆ ನೂರೈವತ್ತು ಈ ಕಡೆ. ಗುಮಾಸ್ತನ ಎದುರು ಮಾನ ಹೋದದ್ದಕ್ಕೆ ಹತ್ತು ಗ್ರಾಂ ಈ ಕಡೆ. ಇಪ್ಪತ್ತೊಂಬತ್ತನೇ ತಾರೀಖು ಬೆಳಗ್ಗೆ ಹತ್ತು ಗಂಟೆಗೆ ಕೊನೆಯ ಕಲ್ಲು ಇಟ್ಟು ಕೈ ತೆಗೆದ. ತಕ್ಕಡಿ ಎರಡು ಸಲ ತೂಗಾಡಿತು. ಮುಳ್ಳು ನೆಟ್ಟಗೆ ನಡುವೆ ಬಂದು ನಿಂತಿತು.

"ಸಮ!" ಎಂದು ಕೂಗಿದ. ಹೆರಿಗೆ ಮನೆಯ ಹೊರಗೆ ನಿಂತು ಮಗುವಿನ ಅಳು ಕೇಳಿದವನ ಮುಖ ಆಗಿತ್ತು ಅವನದು. "ಅಕ್ಕಾ, ಎರಡು ಜಿಲ್ಲೆ! ಗುಲಗಂಜಿಯಷ್ಟೂ ವ್ಯತ್ಯಾಸ ಇಲ್ಲ! ಸರ್ಕಾರಕ್ಕೂ ಗೊತ್ತಿರ್ಲಿಕ್ಕಿಲ್ಲ ಇದು!"

ಹೊಲಿಯಲು ಕೊಟ್ಟಿದ್ದ ಇನ್ನೊಂದು ಅಂಗಿ ತೆಗೆದುಕೊಂಡು ಹೋಗಲು ಬಂದಿದ್ದ ಕಂಡಕ್ಟರನನ್ನು ಕೈ ಹಿಡಿದು ಎಳೆದು ತಂದು ಮುಳ್ಳು ತೋರಿಸಿದ.

"ಸರಿ ಕಣೋ, ಹೋಗೋದೋ ಇರೋದೋ?" ಅಂದೆ.

"ಅದನ್ನ ತಕ್ಕಡಿ ಹೇಳಿಲ್ಲ."

"ನಾಳೆ ಹೇಳ್ಬೇಕಲ್ಲ ಅವರಿಗೆ. ಕಿಟಕಿ ಹಾಕಿದ್ಯಾ ಇದರಲ್ಲಿ?"

"ಯಾವ ಕಿಟಕಿ?"

"ನಾಲ್ಕನೇ ಕೋಣೆದು."

ಅವನಿಗೆ ನಗು ಬಂತು. "ಕಿಟಕಿ ಅಂದ್ರೆ ತೂತಲ್ವೇನಕ್ಕ? ತೂತಿಗೆ ಎಲ್ಲಿಂದ ತೂಕ ತರ್ಲಿ? ನ್ಯಾಯವಾಗಿ ನೋಡಿದ್ರೆ ಅಷ್ಟು ಗೋಡೆ ಕಮ್ಮಿ ಅಂತ ಆ ತಟ್ಟೆಯಿಂದ ಐವತ್ತು ಗ್ರಾಂ ತೆಗೀಬೇಕು" ಎಂದು ನಿಜವಾಗಿಯೂ ಕೈ ಚಾಚಿದ.

ಕೈ ಕಲ್ಲಿಗೆ ತಾಗುವ ಮೊದಲೇ ಗೂಡಿನಲ್ಲಿ ಮಷೀನಿನ ಸದ್ದು ನಿಂತಿತು. ತಮ್ಮನ ಹೆಂಡತಿ ಒಂದು ಸೂಜಿ, ಒಂದು ಎಳೆ ಕಪ್ಪು ದಾರ ಹಿಡಿದು ಬಂದಳು.

"ರೀ, ಇದಕ್ಕೊಂಚೂರು ಪೋಣಿಸಿಕೊಡಿ. ನನ್ನ ಜಾಗದಲ್ಲಿ ಕೂತು ಪೋಣಿಸಬೇಕು. ಇದೂ ತೂತೇ, ತೂಕ ಇಲ್ಲ, ನಿಮಗೆ ಭಾರ ಆಗಲ್ಲ."

ಇದೇನು ಮಹಾ ಎನ್ನುವ ಹಾಗೆ ಹೋಗಿ ಕೂತ. ದಾರವನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ ಚುಚ್ಚಿದ. ಪಕ್ಕಕ್ಕೆ ಹೋಯಿತು. ಒಂದು ಕಣ್ಣು ಮುಚ್ಚಿ ಚುಚ್ಚಿದ. ಟ್ಯೂಬ್‌ಲೈಟ್ ಕಣ್ಣು ಹೊಡೆಯಿತು, ಇವನು ಬೆರಳಿಗೆ ಚುಚ್ಚಿಕೊಂಡ. ಒಂಬತ್ತು ಸಲ ಆಯಿತು. ಕೂದಲಿನಷ್ಟು ವಾಲಿದ ಮುಳ್ಳನ್ನು ಬೀದಿಯ ಆಚೆಯಿಂದ ಹಿಡಿಯುವವನು ಮೂಗಿನ ತುದಿಯ ಸೂಜಿಗೆ ಬೆವರುತ್ತಿದ್ದ. ಅಷ್ಟರಲ್ಲಿ ಮಹಡಿಯಿಂದ ಮಾಲೀಕರು ಇಳಿದರು. ನೆತ್ತಿಯ ಮೇಲೆ ಸುಣ್ಣ ಬಿತ್ತು.

"ಗುಲಗಂಜಿ, ಬಸ್ ಹೊರಡೋ ಹೊತ್ತಾಯ್ತು" ಎಂದ ಕಂಡಕ್ಟರ್.

"ಹೊರಡಲಿ ಬಿಡಯ್ಯಾ!"

ಎದ್ದು ದಡದಡ ಬೀದಿಗೆ ಹೋದ. ಬಿಸಿಲಿಗೆ ಹಿಡಿದ. ಒಂದೇ ಸಲಕ್ಕೆ ದಾರ ಒಳಗೆ ಹೋಯಿತು. ಆದರೂ ಅವನು ಒಳಗೆ ಬರಲಿಲ್ಲ. ಸೂಜಿಯನ್ನೇ ನೋಡುತ್ತ ಅಲ್ಲೇ ನಿಂತಿದ್ದ. ತಲೆಯ ಮೇಲಿನ ಸುಣ್ಣವನ್ನೂ ಕೊಡವಿಕೊಳ್ಳಲಿಲ್ಲ.

"ಹತ್ತೊಂಬತ್ತು ವರ್ಷ" ಅಂದ, ಯಾರಿಗೂ ಅಲ್ಲ.

ಆಮೇಲೆ ಒಳಗೆ ಬಂದು ದಾರ ಸಮೇತ ಆ ಸೂಜಿಯನ್ನು ಬಲ ತಟ್ಟೆಯಲ್ಲಿ ಮೆಲ್ಲಗೆ ಮಲಗಿಸಿದ. ನಾವು ನಾಲ್ವರೂ ಮುಳ್ಳನ್ನೇ ನೋಡಿದೆವು. ಬೇರೆ ಯಾರ ತಕ್ಕಡಿ ಆಗಿದ್ದರೂ ಅಲುಗುತ್ತಿರಲಿಲ್ಲ. ಇದು ಗುಲಗಂಜಿ ಕೈಯಾರೆ ಸರಿ ಮಾಡಿದ ತಕ್ಕಡಿ. ಮುಳ್ಳು ಒಂದು ಕೂದಲಿನಷ್ಟು ಬಲಕ್ಕೆ ವಾಲಿತು.

"ಇದು ದಾರದ ತೂಕ" ಎಂದ ತಮ್ಮ, ಹಟ ಬಿಡದೆ. "ತೂತಿನದಲ್ಲ."

"ಯಾವುದರದ್ದಾದ್ರೂ ಆಗ್ಲಿ. ತಕ್ಕಡಿ ಇಳಿಸಿ, ಸಾಮಾನು ಕಟ್ಟಿ" ಅಂದಳು ಅವಳು.

ಈಗ ನಾವು ರೈಲು ಮನೆಯಲ್ಲಿದ್ದೇವೆ. ದೊಡ್ಡ ತಕ್ಕಡಿಯನ್ನು ಅಡ್ಡ ತೂಗುಹಾಕಲು ಅಗಲ ಸಾಲದೆ ಉದ್ದುದ್ದಕ್ಕೆ ಹಾಕಿದ್ದಾನೆ. ಗಿರಾಕಿ ಬಂದರೆ ಮೊದಲು ಹಣೆಗೆ ಒಂದು ತಟ್ಟೆ ತಾಗುತ್ತದೆ. ಅತ್ತೆ ವಾರಕ್ಕೊಮ್ಮೆ ಬರುತ್ತಾರೆ. ಅವರು ಮುಂಬಾಗಿಲಿನಿಂದ ಒಳಗೆ ನಡೆದರೆ ತಮ್ಮ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತ ಆರನೇ ಕೋಣೆ ಮುಟ್ಟಿ ಅಲ್ಲೇ ಸಿಕ್ಕಿಬೀಳುತ್ತಾನೆ. ಕಾಲು ಕಿಲೋ ಹಾಕಿದ್ದು ಕಮ್ಮಿಯಾಯಿತು ಎಂದು ನನ್ನ ಕಿವಿಯಲ್ಲಿ ಹೇಳುತ್ತಾನೆ. ಹಳೆಯ ಗಿರಾಕಿಗಳು ತಕ್ಕಡಿಗಳನ್ನು ಕಂಡಕ್ಟರನ ಬಸ್ಸಿನಲ್ಲೇ ಕಳಿಸುತ್ತಾರೆ. ಒಂದು ತಕ್ಕಡಿಗೆ ಅರ್ಧ ಟಿಕೆಟ್.

ಹೋದ ವಾರ ಆ ಗುಮಾಸ್ತ ಅಳತೆಯ ಟೇಪು ಹಿಡಿದು ಬಂದ. ಮುಂದಿನ ಗೋಡೆ ಅಳೆಯುತ್ತಿದ್ದರೆ ತಮ್ಮ ಹೊಟ್ಟೆ ಒಳಗೆ ಎಳೆದುಕೊಂಡು ಉಸಿರು ಬಿಗಿ ಹಿಡಿದು ನಿಂತಿದ್ದ, ಗೋಡೆಯೂ ಅವನನ್ನು ನೋಡಿ ಕಲಿಯಲಿ ಎನ್ನುವ ಹಾಗೆ.

"ಐದಡಿ ಒಂದಂಗುಲ" ಅಂದ ಗುಮಾಸ್ತ.

"ಸಾರ್, ಆ ಟೇಪು ಎಲ್ಲಿ ತಗೊಂಡಿದ್ದು? ಒಮ್ಮೆ ಕೊಡಿ, ಸರಿ ಇದೆಯಾ ನೋಡ್ತೀನಿ."

ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದಾಡುತ್ತಿದ್ದರು. ನಾಲ್ಕನೇ ಕೋಣೆಯಲ್ಲಿ ಮಷೀನು ಓಡುತ್ತಲೇ ಇತ್ತು. ಹೊಲಿಯುತ್ತಿದ್ದದ್ದು ಕಂಡಕ್ಟರನ ಹೊಸ ಅಂಗಿ. ಬಲಗೈ ತೋಳು ಎಂದು ಅವಳು ಎತ್ತಿ ತೋರಿಸಿದಳು. ನಾನು ಕಿಟಕಿಗೆ ಹಿಡಿದು ನೋಡಿದೆ, ಬಲಗೈಯೇ.