ನಮಗಾಗಿಯೋ, ಅವನಿಗಾಗಿಯೋ

ನಮ್ಮ ಮನೆ ಸದಾಶಿವಗಡದಲ್ಲಿ. ಸಂಜೆ ಇಗರ್ಜಿಯ ಗಂಟೆ ಬಡಿದ ಮೇಲೆ ತೆರ್ಸ್, ಅಂದರೆ ಜಪಮಾಲೆ ಮುಗಿಯದೆ ಯಾರಿಗೂ ಊಟವಿಲ್ಲ. ಒಲೆಯ ಮೇಲೆ ಬಂಗುಡೆ ಸಾರು ಕುದಿಯುತ್ತಿರುವಾಗ ಮಂಡಿಯೂರಿ ಕೂರುವುದು ಎಂಥ ಶಿಕ್ಷೆಯೆಂದು ಬಲ್ಲವರೇ ಬಲ್ಲರು. ಜಪದ ಕೊನೆಗೆ ಒಬ್ಬರು ಯೇಸುವಿನ ತಾಯಿ ಮರಿಯಮ್ಮನ ಒಂದೊಂದೇ ಹೆಸರು ಕರೆಯುತ್ತಾರೆ. ಉಳಿದವರು ಪ್ರತಿ ಹೆಸರಿಗೂ ಕೊಂಕಣಿಯಲ್ಲಿ ‘ಆಮ್ಚೆ ಖಾತಿರ್ ವಿನಂತಿ ಕರ್’ ಎನ್ನಬೇಕು. ನಮಗಾಗಿ ಬೇಡಿಕೋ ಎಂದು. ಸಾವಾದ ಮನೆಯಲ್ಲಿ ಮಾತ್ರ ‘ಆಮ್ಚೆ’ ಹೋಗಿ ‘ತಾಚೆ’ ಬರುತ್ತದೆ. ಅವನಿಗಾಗಿ ಬೇಡಿಕೋ. ನನ್ನ ತಮ್ಮನಂತೂ ಹಸಿವಿನ ಅವಸರದಲ್ಲಿ ಎಲ್ಲ ನುಂಗಿ ‘ಕರ್, ಕರ್’ ಎಂದಷ್ಟೇ ಅನ್ನುತ್ತಿದ್ದ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಮಳೆಗಾಲ ಮುಗಿದು ದೋಣಿಗಳು ಆಗಷ್ಟೇ ಕಡಲಿಗಿಳಿದಿದ್ದವು. ತಮ್ಮ ಪಕ್ಕದ ಮನೆಯವರ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಕಾಳಿ ನದಿಯ ಅಳಿವೆಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಅವನು ಬರಲಿಲ್ಲ.

ಆ ಸಂಜೆ ಕಾರವಾರದಿಂದ ದೊಡ್ಡಪ್ಪ ಬಂದು ಜಪ ನಡೆಸಿದ. ಊರಿನ ಸಾವಿನ ಮನೆಗಳಲ್ಲೆಲ್ಲ ಜಪ ನಡೆಸಿ ರೂಢಿಯಾದ ಬಾಯಿ ಅವನದು. ಹೆಸರು ಕರೆದು, ಮರೆತು ತಾನೇ ‘ತಾಚೆ ಖಾತಿರ್’ ಎಂದುಬಿಟ್ಟ. ಕೋಣೆಯಲ್ಲಿದ್ದ ಅರ್ಧ ಜನ ಅವನ ಹಿಂದೆಯೇ ಹಾಗೇ ಅಂದರು. ಅಮ್ಮ ಧಡಕ್ಕನೆ ಎದ್ದಳು.

“ನಿಲ್ಲಿಸಿ ಭಾವ. ನನ್ನ ಮಗ ಸತ್ತ ಅಂತ ನಿಮಗೆ ಯಾರು ಹೇಳಿದ್ರು? ಈ ಮನೇಲಿ ಆಮ್ಚೆ ಅಂತ್ಲೇ ಹೇಳ್ಬೇಕು. ಆಗದಿದ್ದವ್ರು ಎದ್ದು ಹೋಗಿ.”

ಯಾರೂ ಹೋಗಲಿಲ್ಲ. ಮರುದಿನದಿಂದ ಜಪ ನಡೆಸುವವಳು ಅಮ್ಮನೇ ಆದಳು.

ನಾನು ಮಾತ್ರ ಅಡುಗೆಮನೆ ಸೇರಿಕೊಂಡೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. “ಅವನನ್ನು ಎಳಕೊಂಡು ಹೋದ ದೇವರ ಹತ್ತಿರವೇ ಕೇಳ್ತೀಯಲ್ಲ ಮಾಯ್, ನಿಂಗೆ ಏನೂ ಅನ್ಸೂದಿಲ್ವಾ?” ಎಂದು ಕೇಳಿಯೇಬಿಟ್ಟೆ.

“ಮತ್ಯಾರ ಹತ್ರ ಕೇಳ್ಲಿ, ತಾಲೂಕು ಆಫೀಸಿನವ್ರ ಹತ್ರವಾ?” ಎಂದಳು ಅಮ್ಮ. “ಸಿಟ್ಟು ಮಾಡು, ಬೇಡ ಅಂದವ್ರು ಯಾರು? ಅಡುಗೆಮನೇಲಿ ಪಾತ್ರೆ ಕುಕ್ಕಿ ಮಾಡ್ಬೇಡ. ಆ ದೇವರ ಎದುರಿಗೇ ಬಂದು ಕೂತು ಮಾಡು.”

ಬಂದು ಕೂತೆ. ಬಾಯಿ ಮಾತ್ರ ಬಿಚ್ಚಲಿಲ್ಲ. ಅವಳ ಮಗಳಲ್ಲವೇ, ಹಟಕ್ಕೆ ನನ್ನಲ್ಲೇನೂ ಬರ ಇರಲಿಲ್ಲ. ಎಲ್ಲರೂ ‘ಆಮ್ಚೆ’ ಅನ್ನುವಾಗ ನಾನು ಶಿಲುಬೆಯನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಪಕ್ಕದ ದೋಣಿ ಮನೆಯ ಹೆಂಗಸು ದಿನಾ ಬಂದು ಹೊಸಿಲಾಚೆ ಕೂರುತ್ತಿದ್ದಳು. ನಮ್ಮ ಜಪ ಅವಳಿಗೆ ತಿಳಿಯದು. “ನಮ್ಮ ಗಂಡಸ್ರು ಬಲೆ ಹಾಕೂಕೆ ಹೋಗ್ಲಿಲ್ಲ ಬಾಯಿ, ಅವನ್ನೇ ಹುಡುಕ್ತಾ ಇದ್ರು,” ಎನ್ನುತ್ತಿದ್ದಳು. ಕೊನೆಗೆ ಸುದ್ದಿ ತಂದವಳೂ ಅವಳೇ. ಅಂಕೋಲೆಯ ಕಡೆ ದಡಕ್ಕೆ ಬಂದಿದ್ದಾನೆ ಎಂದಳು. ಹೆಣ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ. ಅಂಗಿ ನೋಡಿ ಗುರುತು ಹಿಡಿದವಳು ನಾನು. ಅಮ್ಮನನ್ನು ಹತ್ತಿರ ಬಿಡಲಿಲ್ಲ. ಆ ಮಧ್ಯಾಹ್ನವೇ ಮಣ್ಣು ಮಾಡಿದೆವು.

ಸಂಜೆ ಗಂಟೆ ಬಡಿಯಿತು. ಇವತ್ತೊಂದು ದಿನ ಬೇರೆಯವರು ನಡೆಸಲಿ ಎಂದು ಎಲ್ಲರೂ ಹೇಳಿದರು. ಅಮ್ಮ ಕೇಳಲಿಲ್ಲ. ಜಪಸರ ಹಿಡಿದು ಮಂಡಿಯೂರಿ ಕೊನೆಯತನಕ ತಡೆಯದೆ ನಡೆಸಿದಳು. ಆಮೇಲೆ ಮರಿಯಮ್ಮನ ಮೊದಲ ಹೆಸರು ಕರೆದಳು.

ಯಾರೂ ಉತ್ತರ ಕೊಡಲಿಲ್ಲ. ‘ಆಮ್ಚೆ’ ಎನ್ನಲು ಬಾಯಿ ಬರದು, ‘ತಾಚೆ’ ಎನ್ನಲು ಈ ಹೆಂಗಸಿನ ಮುಂದೆ ಯಾರಿಗೆ ಧೈರ್ಯ? ದೊಡ್ಡಪ್ಪ ನೆಲ ನೋಡುತ್ತ ಕೂತಿದ್ದ. ಅಮ್ಮ ಅದೇ ಹೆಸರನ್ನು ಇನ್ನೊಮ್ಮೆ ಕರೆದು ಕಾದಳು.

ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಅವಳನ್ನು ಹಾಗೆ ಒಬ್ಬಳೇ ಕೂಗಲು ಬಿಡುವುದು ನನ್ನಿಂದಾಗಲಿಲ್ಲ.

“ತಾಚೆ ಖಾತಿರ್ ವಿನಂತಿ ಕರ್,” ಎಂದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ. ಮುಂದಿನ ಹೆಸರು ಕರೆದಳು.