ಬಿಸಿಲಿಗೆ ಹಿಡಿದ ಹಾಳೆ

ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು ನಾನು. ನನ್ನ ಮೊಮ್ಮಗಳು ಮೈಸೂರಿನಲ್ಲಿ ಹೊಸ ಬಗೆಯ ಪ್ಲಾಸ್ಟಿಕ್ ಕಂಡುಹಿಡಿಯುತ್ತಿದ್ದಾಳೆ ಎಂದರೆ ಎದೆ ಉಬ್ಬದೆ ಇರುತ್ತದೆಯೇ? ಉಬ್ಬಿತು. ಆ ಉಬ್ಬೇ ನನ್ನ ಮಾನ ಕಳೆಯಿತು.

ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾವಿನ ಮನೆ, ನಮ್ಮ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದ್ದಾಗ ಅವಳು ಊರಿಗೆ ಬಂದಳು. ಕೈಯಲ್ಲೊಂದು ಕಪ್ಪು ಕವರು, ಅದರೊಳಗೆ ಬೆರಳಗಲದ ಒಂದೇ ಒಂದು ತೆಳು ಪ್ಲಾಸ್ಟಿಕ್ ಹಾಳೆ.

"ತಾತ, ಇದು ಬೆಳಕಿಗೆ ಸ್ವಿಚ್ ಇದ್ದಂಗೆ. ಕಾವು ಏರಿದ್ರೆ ಮಜ್ಜಿಗೆ ಥರ ಬೆಳ್ಳಗಾಗಿ ಬೆಳಕು ತಡೀತದೆ, ಇಳಿದ್ರೆ ಬುಡ್ತದೆ. ಬ್ಯಾರನ್ ಬಾಗ್ಲು ತೆಗೀದೇನೆ ಒಳಗಿನ ಕಾವು ಗೊತ್ತಾಯ್ತದೆ. ಆದ್ರೆ ಇನ್ನೂ ಹಸಿ. ಮೊದ್ಲು ನನ್ನ ಲೈಟೇ ಇದರ ಮೇಲೆ ಬಿದ್ದು ಹದ ಆಗ್ಬೇಕು. ಬಿಸ್ಲು ತೋರಿಸ್ಬ್ಯಾಡ, ಕೆಟ್ಟೋಯ್ತದೆ."

ಅವಳು ಸ್ನಾನಕ್ಕೆ ಹೋದಳು. ಪಕ್ಕದ ಹೊಲದವನು ಬಂದ. ನಾನು ತಡೆಯಲಾರದೆ ಕವರು ಬಿಚ್ಚಿದೆ.

"ಇದ್ಯಾವ್ದ್ಲಾ, ಕಿಟಕಿ ಗಾಜಿನ ಚೂರು ಇದ್ದಂಗದೆ? ಇದಕ್ಕಾ ನಿನ್ ಮೊಮ್ಮಗಳು ಅಷ್ಟು ವರ್ಸ ಓದಿದ್ದು?"

"ಸರ್ಯಾಗ್ ನೋಡ್ಲಾ ಕುರುಡ!" ಎಂದು ಬಿಸಿಲಿಗೆ ಎತ್ತಿ ಹಿಡಿದೆ. ಸೊಪ್ಪು ಬೆಂದಿದೆಯೋ ಎಂದು ಎಲೆಯನ್ನು ಸೂರ್ಯನಿಗೆ ಹಿಡಿದು ನರ ನೋಡುವ ಕೈ ಇದು. ಅವನು ನಕ್ಕಷ್ಟೂ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದೆ. ಆಮೇಲೆ ಮೆಲ್ಲಗೆ ಕವರಿನೊಳಗಿಟ್ಟೆ.

ಊಟವಾದ ಮೇಲೆ ಅವಳು ತನ್ನ ಪುಟ್ಟ ದೀಪದ ಬೆಳಕು ಕೊಟ್ಟು, ಹಾಳೆಯನ್ನು ಬ್ಯಾರನ್ ಗೋಡೆಯ ಕಿಂಡಿಗೆ ಸಿಕ್ಕಿಸಿ ಟಾರ್ಚ್ ಬಿಟ್ಟಳು. ಕಾವು ಏರಿತು. ಹಾಳೆ ಬೆಳ್ಳಗಾಗಲೇ ಇಲ್ಲ. ಕೊನೆಗೆ ಮೈಸೂರಿನಲ್ಲಿ ತನಗೆ ಕಲಿಸುವ ಮೇಡಂಗೆ ಫೋನು ಮಾಡಿದಳು: "ನಂದೇ ತಪ್ಪು ಮೇಡಂ. ಹಾಳೆ ಮಾಡೋ ನನ್ನ ಪಾಕನೇ ಸರಿಯಿಲ್ಲ. ಎರಡು ವರ್ಷದ ಕೆಲಸ ಬಿಟ್ಟು ಬೇರೆ ಶುರು ಮಾಡ್ತೀನಿ."

ಒಲೆಗೆ ಸೌದೆ ನೂಕುತ್ತ ಅಷ್ಟನ್ನೂ ಕೇಳಿದೆ. ಎರಡು ಸಲ ಅವಳ ಹತ್ತಿರ ಹೋಗಿ ನೀರು ಬೇಕಾ ಎಂದು ಕೇಳಿ ವಾಪಸ್ಸು ಬಂದೆ. ಅವಳು ಸಾಮಾನು ಚೀಲಕ್ಕೆ ತುಂಬತೊಡಗಿದಾಗ ಹೇಳಿದೆ:

"ನಾನು ಬಿಸ್ಲಿಗೆ ಹಿಡುದ್ಬುಟ್ಟೆ ಕಣವ್ವ."

"ಗೊತ್ತಿದ್ದೂನಾ ತಾತ?"

"ಗೊತ್ತಿದ್ದೂವೆ."

ಅವಳು ಬೈಯಲಿಲ್ಲ. ಮೇಡಂಗೆ ಮತ್ತೆ ಫೋನು ಮಾಡಿ ನನ್ನ ಕಿವಿಗಿಟ್ಟಳು. "ನೀನೇ ಹೇಳು."

"ತಪ್ಪು ಮಗೀದಲ್ಲ ಕಣ್ರವ್ವ, ನಂದು. ಜಂಬಕ್ಕೆ ತೆಗ್ದು ಬಿಸ್ಲಿಗೆ ಹಿಡುದ್ಬುಟ್ಟೆ," ಎಂದೆ.

ಆ ಕಡೆಯಿಂದ ಮೇಡಂ, "ಎಷ್ಟು ಹೊತ್ತು ಹಿಡಿದಿದ್ರಿ ಯಜಮಾನ್ರೇ?" ಎಂದರು.

"ಒಂದು ಬೀಡಿ ಸೇದೋ ಹೊತ್ತು."

ಮೊಮ್ಮಗಳು ನೋಟ್‌ಬುಕ್ ತೆಗೆದು ಒಂದು ಸಾಲು ಹೊಡೆದು ಹಾಕಿ ಇನ್ನೊಂದು ಬರೆದಳು. ಏನು ಬರೆದೆ ಎಂದೆ. "ಪಾಕದ ತಪ್ಪಲ್ಲ. ತಾತ ಬಿಸಿಲಿಗೆ ಹಿಡಿದ, ಒಂದು ಬೀಡಿ ಹೊತ್ತು," ಎಂದು ಓದಿದಳು. ತಲೆ ಎತ್ತಲಾಗಲಿಲ್ಲ ನನಗೆ. ಆದರೂ ಅವಳ ಪುಸ್ತಕದಲ್ಲಿ ನಾನೂ ಸೇರಿದೆನಲ್ಲ ಎಂದು ಒಳಗೊಳಗೇ ಕಳ್ಳ ಖುಷಿಯೊಂದು ಉಕ್ಕಿತು. ಅದನ್ನು ನೆನೆದರೇ ನನಗೆ ಹೆಚ್ಚು ನಾಚಿಕೆ.