ರೈಲಿನಲ್ಲಿ ಬಂದ ಕೆಮ್ಮಣ್ಣು

ಅಥವಾ ಶಾಲೆಯ ತೋಟದಲ್ಲಿ ನಾವು ನೆಟ್ಟಿದ್ದು ರಾಗಿಯೇ ಅಲ್ಲವೇನೋ. ಟೊಮೆಟೊ ಸಸಿಗಳೂ ಇದ್ದಿರಬಹುದು. ರಾಗಿ ಪೈರು ಕಿತ್ತು ನಾಟಿ ಮಾಡುವುದು ಮಳೆಗಾಲದಲ್ಲಿ ಎಂದು ಬುದ್ಧಿ ಹೇಳುತ್ತದೆ. ನೆನಪಿನಲ್ಲಾದರೋ ನಾವೆಲ್ಲ ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದೇವೆ, ಬಾಯಿಂದ ಹಬೆ ಬರುತ್ತಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತೀರ್ಮಾನವಾಗುವ ತನಕ ಕಾದರೆ ಬರೆಯುವುದೇ ಆಗುವುದಿಲ್ಲ. ಆದ್ದರಿಂದ ರಾಗಿ ಎಂದೇ ಇಟ್ಟುಕೊಳ್ಳುತ್ತೇನೆ. ಮಫ್ಲರನ್ನೂ ಬಿಚ್ಚುವುದಿಲ್ಲ.

ಜಾಗದ ಬಗ್ಗೆ ಮಾತ್ರ ಅನುಮಾನವಿಲ್ಲ. ಚಿನ್ನದ ಗಣಿಗಳ ನಡುವಿನ ಕೋರಮಂಡಲ್ ಸ್ಟೇಷನ್ನಿನಿಂದ ನಡೆದು ಹೋಗಬಹುದಾದ ಸರ್ಕಾರಿ ಮಿಡ್ಲ್ ಸ್ಕೂಲು. ಐವತ್ತರ ದಶಕ ಮುಗಿಯುತ್ತಿತ್ತು, ಇಲ್ಲವೇ ಅರವತ್ತರದು ಆಗಲೇ ಶುರುವಾಗಿತ್ತು. ಕನ್ನಡ, ತಮಿಳು, ತೆಲುಗು, ಉರ್ದು ಎಂದು ನಾಲ್ಕು ವಿಭಾಗಗಳು. ಕೋಣೆಗಳ ನಡುವೆ ಬರೀ ಬಿದಿರಿನ ತಟ್ಟಿ. ನಾವು ಕನ್ನಡದಲ್ಲಿ ಮಗ್ಗಿ ಕೂಗುವಾಗ ಒಂದು ಕಡೆಯಿಂದ ತೆಲುಗಿನ ಮಗ್ಗಿ, ಇನ್ನೊಂದು ಕಡೆಯಿಂದ ತಮಿಳಿನ ಮಗ್ಗಿ ನುಗ್ಗಿ ಬರುತ್ತಿತ್ತು. ಯಾರ ಗಂಟಲು ದೊಡ್ಡದೋ ಅವರ ಲೆಕ್ಕ ಗೆಲ್ಲುತ್ತಿತ್ತು. ಇವತ್ತಿಗೂ ನನಗೆ ಏಳರ ಮಗ್ಗಿ ತೆಲುಗಿನಲ್ಲೇ ಸಲೀಸು.

ಆದರೆ ಮಕ್ಕಳು ತಮ್ಮನ್ನು ವಿಂಗಡಿಸಿಕೊಂಡಿದ್ದ ರೀತಿ ಬೇರೆ. ಗಣಿ ಕೆಲಸದವರ ಮನೆಸಾಲುಗಳಿಂದ ಬರುವವರು ಲೈನಿನವರು. ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಬೆಳಗಿನ ಗಾಡಿ ಹತ್ತಿ ಬರುವ ನಾವು ರೈಲಿನವರು. ಮಧ್ಯಾಹ್ನ ಲೈನಿನವರು ಮನೆಗೆ ಊಟಕ್ಕೆ ಓಡುತ್ತಿದ್ದರು, ನಾವು ಜಗುಲಿಯ ಮೇಲೆ ಮುದ್ದೆ ಬಿಚ್ಚುತ್ತಿದ್ದೆವು. ಸಂಜೆ ಗಂಟೆ ಹೊಡೆದರೆ ನಾವು ಗಾಡಿಗೆ ಓಟ. ಒಬ್ಬರಿಗೊಬ್ಬರು ಸಿಗಲು ಹೊತ್ತೇ ಇರಲಿಲ್ಲ, ತೋಟದ ಪಿರಿಯಡ್ ಒಂದನ್ನು ಬಿಟ್ಟು.

ತೋಟದ ಪಿರಿಯಡ್ಡಿನಲ್ಲಿ ನಾಲ್ಕೂ ವಿಭಾಗಗಳು ಒಟ್ಟಿಗೆ. ಅದನ್ನು ನೋಡಿಕೊಳ್ಳುತ್ತಿದ್ದವರು ಡ್ರಿಲ್ ಮೇಷ್ಟ್ರು. ಮನೆಮಾತು ತೆಲುಗಿನ, ಮೀಸೆಗೆ ದಿನಾ ಎಣ್ಣೆ ಹಚ್ಚುವ ಮನುಷ್ಯ. ಗಿಡಗಳಿಗೂ ಕವಾಯತು ಮಾಡಿಸಬಲ್ಲೆ ಎಂದು ನಂಬಿದ್ದವರು. ನೀರಿನ ಬಕೆಟ್ಟನ್ನು ಕೋಲಿಗೆ ನೇತುಹಾಕಿ ಇಬ್ಬಿಬ್ಬರು ಹೊರಬೇಕು. ಕೋಲು ವಾಲಬಾರದೆಂದು ಅವರು ಜಾತಿ, ಭಾಷೆ, ತರಗತಿ ಏನೂ ನೋಡದೆ ಎತ್ತರ ನೋಡಿ ಜೋಡಿ ಮಾಡಿದ್ದರು. ನನ್ನಷ್ಟೇ ಎತ್ತರವಿದ್ದವನು ತಮಿಳು ವಿಭಾಗದ ಒಬ್ಬ ಲೈನಿನ ಹುಡುಗ. ಅವನ ಅಪ್ಪ ಗಣಿಯ ಒಳಗಿಳಿಯುವ ಕೆಲಸದಲ್ಲಿದ್ದರು. ಅವನ ಜೇಬಿನಲ್ಲಿ ಹುರಿಗಡಲೆ ಇರುತ್ತಿತ್ತು, ನನ್ನದರಲ್ಲಿ ಬೆಲ್ಲ. ಬಾವಿಯಿಂದ ತೋಟದವರೆಗಿನ ದಾರಿಯಲ್ಲಿ ಎರಡೂ ಸೇರುತ್ತಿದ್ದವು.

ಅವನ ಮೇಲೆ ನನಗೆ ದೊಡ್ಡ ಗೌರವ. ಅದು ಹುಟ್ಟಿದ್ದು ಮೊದಲ ವಾರವೇ. ನೀರು ಹೊರುವಾಗ ಇದ್ದಕ್ಕಿದ್ದಂತೆ ನೆಲ ಗುಡುಗಿತು. ಬಕೆಟ್ಟಿನ ನೀರು ನಡುಗಿತು, ಹೆಂಚುಗಳು ಕಟಕಟ ಎಂದವು. ನಾನು ಕೋಲು ಬಿಟ್ಟು ನೆಲಕ್ಕೆ ಬಿದ್ದೆ.

"ಏಳ್ಲಾ," ಅಂದ ಅವನು, ಕಡಲೆ ಅಗಿಯುತ್ತಲೇ. "ಒಳಗೆ ಬಂಡೆ ಒಡೀತು, ಅಷ್ಟೇ. ಭೂಮಿ ಸೀನಿದ್ರೆ ನೀನ್ಯಾಕೆ ಮಲಗ್ತೀಯ?"

ಭೂಮಿಯ ಸೀನು ಗೊತ್ತಿರುವವನಿಗೆ ಭೂಮಿಯ ಬಗ್ಗೆ ಎಲ್ಲವೂ ಗೊತ್ತು ಎಂದು ಅವತ್ತೇ ನಿಶ್ಚಯಿಸಿಬಿಟ್ಟೆ. ನಾವು ರೈಲಿನವರೆಲ್ಲ ಹಾಗೇ ಅಂದುಕೊಂಡಿದ್ದೆವು. ನಮ್ಮ ಅಪ್ಪಂದಿರು ನೆಲ ಕೆರೆಯುವವರು; ಇವರ ಅಪ್ಪಂದಿರು ಅದರ ಹೊಟ್ಟೆಗೇ ಹೋಗಿ ಬರುವವರು.

ಆದ್ದರಿಂದ ಶಾಲೆಯ ನೆಲ ಗುದ್ದಲಿಗೆ ಬಗ್ಗದಿದ್ದಾಗ, ಪಾತಿಗೆ ಸಯನೈಡ್ ಗುಡ್ಡದ ಮಣ್ಣು ತರೋಣ ಎಂದು ಅವನು ಹೇಳಿದ್ದೇ ತಡ, ನಾವೆಲ್ಲ ಗೋಣಿಚೀಲ ಹುಡುಕಲು ಹೋದೆವು. ಕಲ್ಲು ಅರೆದು, ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಬೆಳೆದ ಗುಡ್ಡಗಳು ಅವು. ಬಿಳಿ, ಅಥವಾ ತೆಳು ಹಳದಿ. ಬಿಸಿಲು ಹೇಗಿದೆಯೋ ಹಾಗೆ. ಅದರ ಮೇಲೆ ಜಾರುವುದು ಲೈನಿನ ಮಕ್ಕಳ ಆಟ. ಹಿಟ್ಟಿನಷ್ಟು ನಯ. ಅದರಿಂದ ಕಟ್ಟಿದ ಪಾತಿಗಳ ಅಂಚು ಚಾಕುವಿನಲ್ಲಿ ಕುಯ್ದಂತೆ ನಿಂತಿತು. ಡ್ರಿಲ್ ಮೇಷ್ಟ್ರು ಒಂದು ಕಣ್ಣು ಮುಚ್ಚಿ ಸಾಲು ನೋಡಿ, "ಒರೇಯ್, ಇದು ತೋಟ ಅಲ್ಲ, ಪೆರೇಡು," ಎಂದು ಹಿಗ್ಗಿದರು. ನಾನು ಮನೆಯಿಂದ ರಾಗಿ ತಂದು ಚೆಲ್ಲಿದೆ. ದಿನವೂ ನೀರು ಹಾಕಿದೆವು. ಆಡು ನುಗ್ಗದಂತೆ ಬೇಲಿ ಕಟ್ಟಿದೆವು.

ಏನೂ ಹುಟ್ಟಲಿಲ್ಲ. ಬೇಲಿ ಹಾರಿ ಒಳಗೆ ಬಂದ ಆಡು ಪಾತಿ ಮೂಸಿ, ನಮ್ಮನ್ನೊಮ್ಮೆ ನೋಡಿ ಹೊರಟುಹೋಯಿತು.

ಹೆಡ್ ಮೇಷ್ಟ್ರು ತೋಟಕ್ಕೆ ಬಂದು, "ಇನ್‌ಸ್ಪೆಕ್ಟರು ಮುಂದಿನ ವಾರ ಬರ್ತಾರೆ. ಅಷ್ಟರಲ್ಲಿ ಇಲ್ಲಿ ಹಸಿರು ಕಾಣ್ಲಿಲ್ಲ ಅಂದ್ರೆ ತೋಟಗಾರಿಕೆ ಸಾಕು. ಎಲ್ಲರಿಗೂ ತಕಲಿ ಕೊಡಿಸ್ತೀನಿ. ಅವರವರ ಕೋಣೇಲಿ ಕೂತು ನೂಲು ತೆಗೀಲಿ," ಎಂದು ಹೇಳಿ ಹೋದರು.

ಅವರವರ ಕೋಣೆ ಎಂದರೆ ಅವನು ತಟ್ಟಿಯ ಆಚೆ, ನಾನು ಈಚೆ. ಕಡಲೆ ಅಲ್ಲಿ, ಬೆಲ್ಲ ಇಲ್ಲಿ. ನನಗೆ ಬೇರೆ ಗೆಳೆಯರೂ ಇದ್ದರು ಎಂದು ಕಾಣುತ್ತದೆ, ಆದರೆ ಅವರ ಮುಖಗಳು ಈಗ ಬರುತ್ತಿಲ್ಲ.

ಅವತ್ತು ಖಾಲಿ ಪಾತಿಯ ಪಕ್ಕದಲ್ಲೇ ಜಗಳವಾಯಿತು.

"ನಿಮ್ಮ ರಾಗಿ ಊಸಿ ಕೆಟ್ಟುಹೋಗಿತ್ತು ಕಣ್ಲಾ," ಅಂದ ಅವನು.

"ನಮ್ಮ ರಾಗಿ ಸುದ್ದಿಗೆ ಬರಬ್ಯಾಡ. ಬಂಡೆ ಸಂದೀಲಿ ಬಿದ್ರೂ ಉಟ್ತದೆ. ನಿನ್ನ ಮಣ್ಣಾಗೇ ಏನೋ ಐತೆ."

"ಚಿನ್ನ ಇದ್ದ ಮಣ್ಣು ಡಾ ಅದು."

"ಆ ಗುಡ್ಡದ ಮ್ಯಾಲೆ ಒಂದು ಉಲ್ಲುಕಡ್ಡಿ ನೋಡಿದೀಯೇನ್ಲಾ?"

ಅವನು ಅಗಿಯುವುದನ್ನು ನಿಲ್ಲಿಸಿದ. "ಇಲ್ಲ," ಅಂದ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ನೀನು ದಿನಾ ರೈಲಲ್ಲಿ ಅದನ್ನ ನೋಡ್ಕೊಂಡೇ ಬರ್ತೀಯಲ್ಲ, ನೀನ್ಯಾಕೆ ಹೇಳ್ಲಿಲ್ಲ?"

"ನೀನು ಗಣಿಯವನ ಮಗ. ಮಣ್ಣಿನ ಇಸ್ಯ ನಿಂಗೆ ಗೊತ್ತಿರ್ತದೆ ಅಂದ್ಕೊಂಡೆ."

"ನೀನು ಒಲ ಉಳೋನ ಮಗ. ತಪ್ಪಾಗಿದ್ರೆ ನೀನೇ ಹೇಳ್ತೀಯ ಅಂತ ನಾನು ಸುಮ್ನಿದ್ದೆ."

ಇಬ್ಬರೂ ಡ್ರಿಲ್ ಮೇಷ್ಟ್ರ ಕಡೆ ತಿರುಗಿದೆವು. ಅವರು ಮೀಸೆ ಸವರಿಕೊಂಡರು. "ನನ್ನೇನು ನೋಡ್ತೀರ್ರಾ? ಒಬ್ಬ ರೈತರ ಹುಡುಗ, ಒಬ್ಬ ಗಣಿ ಹುಡುಗ. ನಾನು ಇಬ್ಬರನ್ನೂ ನಂಬ್ಕೊಂಡಿದ್ದೆ."

ಆಮೇಲೆ ನಕ್ಕೆವು. ಈ ನಗುವಿನ ಬಗ್ಗೆ ನನಗೆ ಖಾತ್ರಿಯಿದೆ, ಏಕೆಂದರೆ ಅವನ ಬಾಯಿಂದ ಹಾರಿದ ಕಡಲೆ ಚೂರು ಮೇಷ್ಟ್ರ ಅಂಗಿಗೆ ಅಂಟಿಕೊಂಡಿತ್ತು.

ಉಪಾಯ ಯಾರದ್ದು ಎನ್ನುವುದು ತಿಳಿಯದು. ಇಬ್ಬರೂ ನನ್ನದೇ ನನ್ನದೇ ಎನ್ನುತ್ತಿದ್ದೆವು. ಮಾರನೆಯ ಬೆಳಗಿನಿಂದ ರೈಲಿನವರೆಲ್ಲ ಪುಸ್ತಕದ ಚೀಲದಲ್ಲಿ ಹೊಲದ ಕೆಮ್ಮಣ್ಣು ತುಂಬಿಕೊಂಡು ಗಾಡಿ ಹತ್ತಿದೆವು. ಹಾಲಿನ ಕ್ಯಾನುಗಳ ನಡುವೆ ಕೂತಿದ್ದ ಹೆಂಗಸೊಬ್ಬಳು ನನ್ನ ಚೀಲ ಮುಟ್ಟಿ ನೋಡಿದಳು.

"ಇದೇನ್ಲಾ ಇದು, ಮಣ್ಣು ಮಾರಕ್ಕೆ ಒಂಟಿದೀರಾ?"

"ಇಸ್ಕೂಲಿಗೆ ಕಣಕ್ಕಾ."

"ಅಲ್ಲಿರೋರಿಗೆ ಒತ್ತಾರೆಯಿಂದ ಬೈಗಿನವರ್ಗೂ ಮಣ್ಣು ತೆಗೆಯೋದೇ ಕೆಲ್ಸ. ಅವರಿಗೆ ಮಣ್ಣು ಒತ್ಕೊಂಡು ಓಯ್ತೀರಲ್ಲ, ನಿಮ್ಮ ಮೇಷ್ಟ್ರು ಏನು ಕಲಿಸ್ತಾರೆ?"

ಬೋಗಿಯೆಲ್ಲ ನಕ್ಕಿತು. ಟಿಕೆಟ್ ಕಲೆಕ್ಟರು ಬಂದು ಪುಸ್ತಕ ಎಲ್ಲಿ ಎಂದು ಕೇಳಿದಾಗ, ಅವಳೇ ನಮ್ಮ ಪರವಾಗಿ, "ಅವರದು ಈ ಸಲ ಮಣ್ಣಿನ ಪಾಠ ಕಣ್ಸಾಮಿ," ಅಂದಳು.

ಶಾಲೆಯಲ್ಲಿ ಲೈನಿನವರು ಪಾತಿಯ ಬಿಳಿ ಮಣ್ಣನ್ನು ನಾಲ್ಕು ಬೆರಳಿನಷ್ಟು ತೋಡಿ ಕಾಯುತ್ತಿದ್ದರು. ಪೂರ್ತಿ ತೆಗೆದು ತುಂಬಿಸುವಷ್ಟು ಕೆಮ್ಮಣ್ಣು ಚೀಲಗಳಲ್ಲಿ ಬರುವುದಿಲ್ಲವಲ್ಲ. ಅಂಚನ್ನೂ ಹಾಗೇ ಬಿಟ್ಟರು. ಮೇಷ್ಟ್ರಿಗೆ ಅದರ ಮೇಲೆ ಮೋಹ. ಕಡೆಯ ದಿನ ನಾವು ಒದ್ದೆ ಬಟ್ಟೆಯಲ್ಲಿ ಸುತ್ತಿದ ಪೈರು ತಂದೆವು. ಪೈರು ಹಿಡಿಯುವುದನ್ನು ನಾನು ತೋರಿಸಿದೆ, ಸಾಲು ಹಿಡಿಯುವುದನ್ನು ಅವನು ನೋಡಿಕೊಂಡ. ಉರ್ದು ವಿಭಾಗದವರು ಹಾಡು ಹೇಳುತ್ತ ನೀರು ಬಿಟ್ಟರು. ಸಂಜೆಗೆ ತೋಟ ಹಸಿರಾಯಿತು. ಪೈರೆಲ್ಲ ಸ್ವಲ್ಪ ಬಾಡಿ ಬಗ್ಗಿದ್ದವು, ಪ್ರಾರ್ಥನೆಗೆ ನಿಂತವರ ಹಾಗೆ.

ಮಾರನೆಯ ದಿನ ಇನ್‌ಸ್ಪೆಕ್ಟರು ಬಂದರು. ಕೈಯಲ್ಲಿ ಉದ್ದನೆಯ ಛತ್ರಿ. (ಮಳೆಗಾಲವೇ ಇರಬೇಕು. ಹಾಗಾದರೆ ಮಫ್ಲರ್?) ಪಾತಿಯ ಹತ್ತಿರ ನಿಂತು ಛತ್ರಿಯ ತುದಿಯನ್ನು ಮಣ್ಣಿಗೆ ಚುಚ್ಚಿದರು. ನಾನು ಅದನ್ನೇ ನೋಡುತ್ತಿದ್ದೆ. ಹೊರಗೆ ಬಂದಾಗ ಮೇಲೆ ಕೆಂಪು, ತುದಿಯ ಕೊನೆಯಲ್ಲಿ ಅಡಿಯ ಬಿಳಿ ಮಣ್ಣು.

"ನಾಟಿ ಮಾಡಿ ಎಷ್ಟು ದಿನ ಆಯ್ತು?" ಎಂದು ಕೇಳಿದರು.

ಹೆಡ್ ಮೇಷ್ಟ್ರು ಆಕಾಶ ನೋಡಿದರು. ಡ್ರಿಲ್ ಮೇಷ್ಟ್ರು ಅಟೆನ್ಷನ್ನಿನಲ್ಲಿ ನಿಂತರು. ನನ್ನ ಬಾಯಿಂದ ಗಾಬರಿಯಲ್ಲಿ ತಮಿಳು ಬಂತು: "ನೇತ್ತು, ಸಾರ್." ಅದೇ ಹೊತ್ತಿಗೆ ನನ್ನ ಗೆಳೆಯ ಕನ್ನಡದಲ್ಲಿ, "ನಿನ್ನೆ ಸಾರ್," ಅಂದ.

ಅವರು ನನ್ನನ್ನು ಕೇಳಿದರು, "ನೀನು ಯಾವ ವಿಭಾಗ?"

"ಕನ್ನಡ, ಸಾರ್."

"ನೀನು?"

"ತಮಿಳು, ಸಾರ್."

ಅವರು ಇಬ್ಬರನ್ನೂ ನೋಡಿದರು. "ನಿಜ ಹೇಳೋದ್ರಲ್ಲಾದ್ರೂ ಜೋಡಿ ಚೆನ್ನಾಗಿದೆ," ಎಂದು ಛತ್ರಿ ಊರಿಕೊಂಡು ಮುಂದೆ ನಡೆದರು.

ಇದು ತುಂಬಾ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ನನಗೆ ಇದರ ಮೇಲೆ ಗುಮಾನಿ. ಎಷ್ಟೋ ವರ್ಷಗಳ ಮೇಲೆ ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ಗೆಳೆಯ ಸಿಕ್ಕಿದ್ದ. ಇನ್‌ಸ್ಪೆಕ್ಟರಿಗೆ ಇಬ್ಬರೂ ತೆಲುಗಿನಲ್ಲಿ ಉತ್ತರ ಕೊಟ್ಟೆವು, ನಗು ತಡೆಯಲಾರದೆ ನಿಂತವರು ಡ್ರಿಲ್ ಮೇಷ್ಟ್ರು ಎಂದು ಅವನು ಆಣೆ ಇಟ್ಟ. ಟೊಮೆಟೊ ಮಾತು ತೆಗೆದವನೂ ಅವನೇ. ಜೇಬಿನಿಂದ ಹುರಿಗಡಲೆ ಕೊಟ್ಟ. ನನ್ನ ಹತ್ತಿರ ಬೆಲ್ಲ ಇರಲಿಲ್ಲ, ಬೈಸಿಕೊಂಡೆ.

ತೋಟದ ಪಿರಿಯಡ್ ಉಳಿಯಿತು. ನಾವು ಶಾಲೆ ಬಿಡುವವರೆಗೂ ನಾಲ್ಕೂ ವಿಭಾಗಗಳು ಒಟ್ಟಿಗೇ ನೀರು ಹೊತ್ತವು, ನಾನೂ ಅವನೂ ಒಂದೇ ಕೋಲಿಗೆ. ಇಷ್ಟನ್ನು ಅವನೂ ಒಪ್ಪುತ್ತಾನೆ. ಪೈರು ಕಂಡು ಉಳಿಸಿದರೋ, ಉತ್ತರ ಕೇಳಿ ಉಳಿಸಿದರೋ, ತಕಲಿಗಳು ಸಿಗಲಿಲ್ಲವೋ, ನಮಗೆ ಯಾರೂ ಹೇಳಲಿಲ್ಲ. ಆ ಛತ್ರಿಯ ತುದಿಯ ಬಿಳಿ ಮಣ್ಣನ್ನು ಇನ್‌ಸ್ಪೆಕ್ಟರು ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.